ಶಾಲೆ, ಮನೆ, ಕೇರಿ: ಉತ್ತರ ಕನ್ನಡದ ಶಿಕ್ಷಕರೂ ಪಾಲಕರೂ ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲೂ ಶಿರಸಿ, ಯಲ್ಲಾಪುರ, ಹಳಿಯಾಳ, ಮುಂಡಗೋಡ, ಜೋಯಿಡಾದ ಘಟ್ಟದ ಮೇಲೂ ಶಿಕ್ಷಕರು, ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು, ಪಾಲಕರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಕೆಲವು ಮಾತಿನ ನಡುವೆ ಬಂದವು, ಕೆಲವು ಪತ್ರದಲ್ಲಿ. ಕೇಳಿದವರ ಮಾತನ್ನು ತಿದ್ದಿಲ್ಲ. ದಿನನಿತ್ಯದವು ಮೊದಲು, ತೊಡಕಿನವು ಆಮೇಲೆ.

## ಶುರುವಿಗೆ

ಪಾಲಕರ ಸಭೆ ಕರೀತೇವೆ, ನೂರು ಮನೆಯಿಂದ ಬರೋದು ಹನ್ನೆರಡು ಜನ. ಅವರಿಗೆ ಮಕ್ಕಳ ಓದು ಬೇಡವೇ ಬೇಡವಾ?

ಬೇಕು. ಸಭೆಯ ಹೊತ್ತು ಅವರದ್ದಲ್ಲ, ಅಷ್ಟೇ. ಶನಿವಾರ ಹನ್ನೊಂದು ಗಂಟೆ ಸಂಬಳದವರಿಗೆ ಹೊಂದುತ್ತದೆ. ಅಘನಾಶಿನಿ ಅಳಿವೆಯಲ್ಲಿ ಬಳಚು (ಚಿಪ್ಪುಮೀನು) ಆರಿಸುವ ತಾಯಿಯ ಕೆಲಸ ಗಡಿಯಾರ ನೋಡಿ ನಡೆಯುವುದಿಲ್ಲ, ಇಳಿತ ನೋಡಿ ನಡೆಯುತ್ತದೆ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ನೀರು ದೂರ ಸರಿದು ನೆಲ ಹೆಚ್ಚು ತೆರೆದುಕೊಳ್ಳುತ್ತದೆ. ಆ ನಾಲ್ಕೈದು ದಿನ ಕೆಲಸ ತಪ್ಪಿಸಿದರೆ ದುಡಿಮೆ ಹೋಯಿತು. ಅಷ್ಟಮಿಯ ಹೊತ್ತಿಗೆ ಇಳಿತ ಸಣ್ಣದು, ಆಗ ಬಿಡುವು ಸಿಗಬಹುದು.

ಇನ್ನೊಂದು ಸೂಕ್ಷ್ಮವಿದೆ. ಚಾಂದ್ರಮಾಸಕ್ಕೆ 29 ದಿನ ಚಿಲ್ಲರೆ, ನಮ್ಮ ತಿಂಗಳಿಗೆ 30–31. ಹಾಗಾಗಿ ಪ್ರತಿ ತಿಂಗಳು ಒಂದೇ ತಾರೀಖಿಗೆ ಸಭೆ ಇಟ್ಟರೆ ಅದು ಹೆಚ್ಚುಕಡಿಮೆ ಅದೇ ತಿಥಿಗೆ ಬಂದು ಕೂರುತ್ತದೆ. ಈ ತಿಂಗಳು ತಪ್ಪಿಸಿಕೊಂಡ ತಾಯಿ ಬರುವ ತಿಂಗಳೂ ತಪ್ಪಿಸಿಕೊಳ್ಳುತ್ತಾಳೆ, ಅದರ ಮುಂದಿನ ತಿಂಗಳೂ. ಹಾಜರಿ ಪುಸ್ತಕದಲ್ಲಿ ಅದು ‘ಸತತ ಗೈರು’ ಎಂದು ಕಾಣಿಸುತ್ತದೆ.

ಮಾಡಬೇಕಾದದ್ದು ಇಷ್ಟು: ಸಭೆಯನ್ನು ಎರಡು ಸಲ ನಡೆಸಿ, ವಿಷಯ ಒಂದೇ ಇರಲಿ. ಒಂದು ಹಗಲಿನಲ್ಲಿ ಶಾಲೆಯಲ್ಲಿ, ಇನ್ನೊಂದು ಸಂಜೆ ಆರೂವರೆಗೆ ಕೇರಿಯಲ್ಲೇ, ಯಾರದಾದರೂ ಅಂಗಳದಲ್ಲೋ ಅಂಗನವಾಡಿಯಲ್ಲೋ. ನಲವತ್ತು ನಿಮಿಷ ಮೀರಬಾರದು. ಐದು ದಿನ ಮುಂಚೆ ಚೀಟಿ, ಹಿಂದಿನ ಸಂಜೆ ಬಾಯಿಮಾತಿನ ನೆನಪು. ಭಾಷಣ, ದೀಪ, ಹಾರ ಬೇಡ. ದೀಪ ಬೆಳಗುವುದರಲ್ಲೇ ಇಪ್ಪತ್ತು ನಿಮಿಷ ಕಳೆದ ಸಭೆಗೆ ಎರಡನೇ ಸಲ ಯಾರೂ ಬರುವುದಿಲ್ಲ.

ವರ್ಷದಲ್ಲಿ ಯಾವಾಗ ಯಾರನ್ನು ಕರೆಯೋದು ಅನುಕೂಲ?

ಗೋಡೆಗೆ ಒಂದು ಕ್ಯಾಲೆಂಡರ್ ಹಾಕಿ, ಊರಿನವರನ್ನೇ ಕೂರಿಸಿ ತುಂಬಿಸಿ. ಬಹುತೇಕ ಊರುಗಳಲ್ಲಿ ಹೀಗೆ ಬರುತ್ತದೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಮೀನುಗಾರ ತಂದೆಯರು ಊರಲ್ಲಿ ಸಿಗುವ ಎರಡು ತಿಂಗಳು ಅವು, ಶಾಲೆ ಶುರುವಾಗುವುದೂ ಆಗಲೇ. ತಂದೆಯರ ಜೊತೆಗಿನ ಮಾತನ್ನು ಆಗಸ್ಟಿಗೆ ಮುಂದೂಡಿದರೆ ಮುಗಿಯಿತು, ಬೋಟು ನೀರಿಗಿಳಿದಿರುತ್ತದೆ. ಆದರೆ ಆ ಎರಡು ತಿಂಗಳು ಕೈಯಲ್ಲಿ ಕಾಸಿಲ್ಲದ ಕಾಲವೂ ಹೌದು. ವಂತಿಗೆ, ಟ್ರ್ಯಾಕ್‌ಸೂಟು, ಗ್ರೂಪ್ ಫೋಟೋದ ದುಡ್ಡು ಆಗ ಕೇಳಬೇಡಿ. ಘಟ್ಟದ ಮೇಲೆ ಇದೇ ಜುಲೈ ಉಲ್ಟಾ: ಗದ್ದೆಯಲ್ಲಿ ನೆಟ್ಟಿ, ತೋಟದಲ್ಲಿ ಮಳೆ ಬಿಟ್ಟು ಹೊಳವಾದರೆ ಸಾಕು ಅಡಿಕೆಗೆ ಕೊಳೆರೋಗದ ಮದ್ದು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಅಡಿಕೆ ಕೊಯ್ಲು, ಸುಲಿಯುವ ಹೆಂಗಸರು ರಾತ್ರಿ ಹತ್ತಾದರೂ ಮೆಟ್ಟುಗತ್ತಿಯಿಂದ ಏಳುವುದಿಲ್ಲ. ಸಾಣಿಕಟ್ಟೆಯ ಕಡೆ ಬೇಸಿಗೆಯೆಂದರೆ ಉಪ್ಪಿನ ಕೆಲಸ.

ಹಬ್ಬಗಳಲ್ಲಿ ಚೌತಿ, ದಸರಾ, ಕ್ರಿಸ್‌ಮಸ್ ಎಲ್ಲರಿಗೂ ನೆನಪಿರುತ್ತವೆ. ಮರೆಯುವವು ಬೇರೆ: ಹಾಲಕ್ಕಿ ಒಕ್ಕಲಿಗರ ಕೊಪ್ಪಗಳ (ಕೇರಿಗಳ) ಸುಗ್ಗಿ ಹಬ್ಬ, ಊರಿನ ಬಂಡಿಹಬ್ಬ, ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಮಾರಿಕಾಂಬಾ ಜಾತ್ರೆ, ಮುಂಡಗೋಡದ ಟಿಬೆಟನ್ನರ ಹೊಸ ವರ್ಷ ಲೋಸಾರ್. ರಂಜಾನ್ ವರ್ಷಕ್ಕೆ ಸುಮಾರು 11 ದಿನ ಹಿಂದಕ್ಕೆ ಸರಿಯುವುದರಿಂದ ಹಳೇ ಕ್ಯಾಲೆಂಡರ್ ನಂಬಬೇಡಿ. 2026ರಲ್ಲಿ ಅದು ಫೆಬ್ರವರಿ–ಮಾರ್ಚ್, ಅಂದರೆ ಪರೀಕ್ಷೆಯ ಬಾಗಿಲಿಗೇ ಬಂತು. ಶುಕ್ರವಾರ ಹನ್ನೆರಡೂವರೆಯಿಂದ ಎರಡರವರೆಗೆ ಯಾವ ಸಭೆಯೂ ಬೇಡ. ಕಾರವಾರ ಸುತ್ತಿನವರಿಗೆ ಭಾನುವಾರ ರಜೆಯಲ್ಲ, ಸಂತೆ.

ನಮ್ಮ ಶಾಲೆಯಲ್ಲಿ ಜಾತಿ, ಧರ್ಮ ನೋಡೋದೇ ಇಲ್ಲ. ಎಲ್ಲ ಮಕ್ಕಳೂ ಒಂದೇ. ಮತ್ತೆ ಇದೆಲ್ಲ ಯಾಕೆ ಬೇಕು?

ಒಂದೇ ಎಂದು ನೋಡುವುದು ಒಳ್ಳೆಯದೇ. ಆದರೆ ‘ಒಂದೇ’ ಎನ್ನುವಾಗ ಸಾಮಾನ್ಯವಾಗಿ ಒಂದು ಮನೆಯ ರೂಢಿ ಎಲ್ಲರ ರೂಢಿಯಾಗಿಬಿಡುತ್ತದೆ, ಆ ಮನೆಯವರಿಗೆ ಅದು ಕಾಣಿಸುವುದಿಲ್ಲ. ಕಳೆದ ವರ್ಷದ ನೋಟಿಸು, ಪ್ರಾರ್ಥನೆ, ಗ್ಯಾದರಿಂಗ್ (ಶಾಲಾ ವಾರ್ಷಿಕೋತ್ಸವ), ಪ್ರವಾಸದ ಪಟ್ಟಿ ತೆಗೆದು ಇಟ್ಟುಕೊಳ್ಳಿ. ಯಾವ ಕೇರಿಯ ಮಕ್ಕಳು ಯಾವುದರಲ್ಲಿ ಇರಲಿಲ್ಲ ಎಂದು ಎಣಿಸಿ. ಅರ್ಧ ಗಂಟೆಯ ಕೆಲಸ.

ನಾವು ಕಲಿತವರಲ್ಲ. ಶಾಲೆಗೆ ಬಂದು ನಾವೇನು ಮಾಡೋದು ಅಕ್ಕೋರೆ?

ಇದನ್ನು ಕೇಳುವವರು ಪಾಲಕರು, ಹೆಚ್ಚಾಗಿ ತಾಯಂದಿರು. ಉತ್ತರ ನೇರವಾಗಿರಲಿ: ಪಾಠ ಹೇಳಿಕೊಡಬೇಕಿಲ್ಲ. ಮೂರು ಕೆಲಸ ಅಕ್ಷರ ಬಾರದೆಯೂ ಆಗುತ್ತವೆ. ದಿನಕ್ಕೊಮ್ಮೆ ಪುಸ್ತಕ ಬಿಚ್ಚಿಸಿ “ಇವತ್ತು ಏನು ಬರೆದೆ, ಹೇಳು” ಎಂದು ನಿಮ್ಮ ಮಾತಿನಲ್ಲೇ ಹೇಳಿಸಿಕೊಳ್ಳುವುದು. ನಿಮಗೆ ಗೊತ್ತಿರುವ ಕತೆ, ಹಾಡು, ಲೆಕ್ಕ ಮಗುವಿಗೆ ಹೇಳುವುದು. ಮಗು ಶಾಲೆ ಬಿಟ್ಟು ಎರಡು ದಿನವಾದರೆ ಕಾರಣ ತಿಳಿಸುವುದು.

## ಮಾತು, ಭಾಷೆ, ಭೇಟಿ

ಕನ್ನಡ ಸರಿಯಾಗಿ ಬಾರದ ತಾಯಂದಿರ ಹತ್ತಿರ ಹೇಗೆ ಮಾತಾಡೋದು? ಮಗುವನ್ನೇ ನಿಲ್ಲಿಸಿಕೊಂಡರೆ ಆಗಲ್ವಾ?

ಚೀಟಿ ಓದಿ ಹೇಳಲು ಮಗು ಸಾಕು. ಹಾಜರಾತಿ, ಅಂಕ, ಜಗಳ, ಕಾಯಿಲೆ, ಹಣದ ಮಾತಿಗೆ ಮಗುವನ್ನು ದುಭಾಷಿ ಮಾಡಬೇಡಿ. ಒಂದೋ ಮಗು ಮಾತು ತಿರುಚುತ್ತದೆ, ಇಲ್ಲವೇ ಅಮ್ಮನ ಮುಂದೆ ತನ್ನ ತಪ್ಪನ್ನು ತಾನೇ ಓದಿ ಹೇಳುವ ಶಿಕ್ಷೆ ಅನುಭವಿಸುತ್ತದೆ.

ಜಿಲ್ಲೆಯ ಒಂದೊಂದು ಶಾಲೆಯಲ್ಲೂ ಮೂರು ನಾಲ್ಕು ಮನೆಮಾತು ಸಾಮಾನ್ಯ: ಕಾರವಾರದ ಕಡೆ ಕೊಂಕಣಿ, ಭಟ್ಕಳದಲ್ಲಿ ನವಾಯತಿ, ಹಳಿಯಾಳ–ಜೋಯಿಡಾದಲ್ಲಿ ಮರಾಠಿ, ಎಲ್ಲ ಪೇಟೆಗಳಲ್ಲೂ ಉರ್ದು. ಪ್ರತಿ ಭಾಷೆಗೂ ಇಬ್ಬರು ‘ಮಾತಿನ ಜೊತೆಗಾರರು’ ಇರಲಿ, ಅವರಲ್ಲಿ ಒಬ್ಬರು ಹೆಂಗಸು. ಬಿಸಿಯೂಟದ ಅಡುಗೆಯವರು, ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ, ಹಳೆ ವಿದ್ಯಾರ್ಥಿನಿ, ಯಾರಾದರೂ ಆಗಬಹುದು. ಅವರಿಗೆ ಮೊದಲೇ ಎರಡು ಮಾತು ಹೇಳಿಡಿ: ಕೇಳಿದ್ದನ್ನು ಹೊರಗೆ ಆಡಬಾರದು, ತಮ್ಮ ಸಲಹೆ ಸೇರಿಸಬಾರದು. ಎರಡನೆಯದೇ ಕಷ್ಟ. ದುಭಾಷಿ ಐದು ನಿಮಿಷ ಮಾತಾಡಿ “ಆಯ್ತಂತೆ” ಎಂದು ಒಂದೇ ಶಬ್ದ ತಂದುಕೊಟ್ಟರೆ ನಡುವೆ ಏನೋ ಉದುರಿದೆ ಎಂದೇ ಲೆಕ್ಕ. ತಾಯಿಗೆ ಏನು ಅರ್ಥವಾಯಿತು ಎಂದು ಅವರ ಬಾಯಿಂದಲೇ ಕೇಳಿಸಿಕೊಳ್ಳಿ.

ಮನೇಲಿ ಕೊಂಕಣಿ ಬಿಟ್ಟು ಕನ್ನಡ ಮಾತಾಡಿ ಅಂತ ಹೇಳೋದು ಸರಿನಾ? ಇಲ್ಲಾಂದ್ರೆ ಮಗು ಹಿಂದೆ ಬೀಳುತ್ತಲ್ಲ.

ಸರಿಯಲ್ಲ. ಅರೆಬರೆ ಕನ್ನಡದಲ್ಲಿ ಮಾತಾಡುವ ಅಮ್ಮ ಕಡಿಮೆ ಮಾತಾಡುತ್ತಾಳೆ, ಮಗುವಿಗೆ ಎರಡೂ ಭಾಷೆ ಬಡವಾಗುತ್ತವೆ. ಮನೆಮಾತಿನಲ್ಲಿ ಕತೆ ಕೇಳಿ ಬೆಳೆದ ಮಗು ಕನ್ನಡವನ್ನೂ ಬೇಗ ಹಿಡಿಯುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಮು ಕೂಡ ಆದಷ್ಟು ಮಟ್ಟಿಗೆ ಮಾತೃಭಾಷೆಯಲ್ಲಿ ಕಲಿಸಬೇಕೆಂದೇ ಹೇಳುತ್ತದೆ.

ಮೊದಲ ಮೂರು ತಿಂಗಳು ಒಂದನೇ ತರಗತಿಯ ಗೋಡೆಯ ಮೇಲೆ ಐವತ್ತು ವಸ್ತುಗಳ ಚಿತ್ರ ಹಾಕಿ, ಕೆಳಗೆ ಕನ್ನಡ ಶಬ್ದ, ಅದರ ಕೆಳಗೆ ಕನ್ನಡ ಲಿಪಿಯಲ್ಲೇ ಮನೆಮಾತು: ನೀರು, ಉದಕ, ಪಾಣಿ; ಮನೆ, ಘರ್. ಶಬ್ದಗಳನ್ನು ಪಾಲಕರಿಂದಲೇ ಪಡೆಯಿರಿ. ಒಂದೇ ಕೊಂಕಣಿ ಕೇರಿಯಿಂದ ಕೇರಿಗೆ ಬೇರೆ ಇರುತ್ತದೆ, ಅದರ ವಾದವೇ ಅರ್ಧ ಪಾಠ.

ಕನ್ನಡದ ಮಕ್ಕಳೂ ಇದರಿಂದ ಹೊರಗಿಲ್ಲ. ಶಿರಸಿ ಕಡೆಯ ಹವ್ಯಕರ ಮನೆಯ ಮಗು “ಅಮ್ಮ ಬಂತು, ಪುಸ್ತಕ ಇದ್ದು” ಎಂದು ಬರೆದರೆ ಅದು ತಪ್ಪು ಕನ್ನಡವಲ್ಲ, ಆ ಮಾತಿನ ವ್ಯಾಕರಣ. ಅಲ್ಲಿ ಅಮ್ಮನಿಗೂ ನಪುಂಸಕ ಲಿಂಗವೇ. ಹಾಲಕ್ಕಿ ಕನ್ನಡಕ್ಕೂ ಅದರದೇ ನಿಯಮಗಳಿವೆ. ಕೆಂಪು ಶಾಯಿಯಲ್ಲಿ ಕೊಯ್ಯುವ ಬದಲು “ಮನೇಲಿ ಹೀಗೆ, ಪುಸ್ತಕದಲ್ಲಿ ಹೀಗೆ” ಎಂದು ಎರಡು ಸಾಲು ಬರೆಸಿ. ವಿಚಿತ್ರವೆಂದರೆ, ಹವ್ಯಕರ ಮಗು ಆಡುಮಾತು ಬರೆದರೆ ಮುದ್ದು, ಹಾಲಕ್ಕಿ ಮಗು ಬರೆದರೆ ಅಶುದ್ಧ ಎನ್ನುವ ತರಗತಿಗಳು ಇನ್ನೂ ಇವೆ.

ವಾಟ್ಸಾಪ್ ಗುಂಪು ಮಾಡಿದ್ದೇವೆ. ಅದು ಸಾಕಲ್ವಾ?

ಸಾಲದು. ನೋಂದಣಿ ಪುಸ್ತಕದಲ್ಲಿರುವ ನಂಬರು ಅಪ್ಪನದು. ಅಪ್ಪ ಸಮುದ್ರದಲ್ಲೋ ಗೋವಾದಲ್ಲೋ. ಜೋಯಿಡಾದ ಒಳಗಿನ ಊರುಗಳಲ್ಲಿ ಸಿಗ್ನಲ್ಲಿಗೆ ಗುಡ್ಡ ಹತ್ತಬೇಕು. ಪ್ರತಿ ಮಗುವಿನ ಹೆಸರಿನ ಮುಂದೆ ಎರಡು ವಿಷಯ ಬರೆದಿಡಿ: ಫೋನು ಯಾರ ಕೈಯಲ್ಲಿರುತ್ತದೆ, ಯಾವ ಹೊತ್ತಿಗೆ. ಸುತ್ತೋಲೆಯ ಫೋಟೋ ಹಾಕುವ ಬದಲು ನಲವತ್ತು ಸೆಕೆಂಡಿನ ಧ್ವನಿ ಸಂದೇಶ ಹಾಕಿ, ಆ ಊರಿನ ಮಾತಿನಲ್ಲಿ. ಒಂದು ಸಂದೇಶಕ್ಕೆ ಒಂದೇ ವಿಷಯ. ಮಗುವಿನ ತಪ್ಪು, ಬಾಕಿ, ಅಂಕ ಗುಂಪಿನಲ್ಲಿ ಯಾವತ್ತೂ ಬೇಡ.

ಮನೆ ಭೇಟಿಗೆ ಹೋದರೆ ಏನು ಮಾತಾಡಬೇಕು? ಹೋದ ಕೂಡಲೇ ಅವರು ಹೆದರ್ತಾರೆ.

ಹೆದರಿಕೆಗೆ ಕಾರಣವಿದೆ: ಇಲ್ಲಿಯವರೆಗೆ ಶಾಲೆಯಿಂದ ಯಾರೇ ಬಂದರೂ ದೂರು ತಂದಿದ್ದಾರೆ. ಮೊದಲ ಭೇಟಿಯಲ್ಲಿ ದೂರು ಬೇಡ, ಕಾಗದಪತ್ರವೂ ಬೇಡ. ಜೂನ್–ಜುಲೈನಲ್ಲೇ ಒಂದು ಸುತ್ತು ಮುಗಿಸಿ. ಇಬ್ಬರು ಹೋಗಿ, ಒಬ್ಬರಾದರೂ ಅಕ್ಕೋರು (ಶಿಕ್ಷಕಿ) ಇರಲಿ. ಇಪ್ಪತ್ತು ನಿಮಿಷ ಸಾಕು. ಹಿಂದಿನ ದಿನ ಹೇಳಿಕಳಿಸಿ, ಕೆದರಿದ ಮನೆ ಯಾರಿಗೂ ತೋರಿಸಲು ಇಷ್ಟವಿರುವುದಿಲ್ಲ.

ಮಗು ತರಗತಿಯಲ್ಲಿ ಚೆನ್ನಾಗಿ ಮಾಡಿದ ಒಂದು ಕೆಲಸ ಹೇಳಿ ಮಾತು ಶುರು ಮಾಡಿ. ಆಮೇಲೆ ಮೂರು ಪ್ರಶ್ನೆ: ಮಗು ಮನೆಯಲ್ಲಿ ಯಾವುದರಲ್ಲಿ ಜಾಣ? ಶಾಲೆ ಬಗ್ಗೆ ಏನು ಹೇಳುತ್ತದೆ? ನಾವು ಯಾವುದನ್ನು ಬೇರೆ ಥರ ಮಾಡಬೇಕು? ಮೂರನೆಯದಕ್ಕೆ ಮೊದಲ ಸಲ ಉತ್ತರ ಬರುವುದಿಲ್ಲ. “ಎಲ್ಲ ಚಲೋ ಇದೆ” ಎನ್ನುತ್ತಾರೆ. ಎರಡನೇ ಭೇಟಿಯಲ್ಲಿ ಬರುತ್ತದೆ.

ಫೋಟೋ ತೆಗೆಯಬೇಡಿ. ವರದಿಗೆ ಫೋಟೋ ಬೇಕೇ ಬೇಕೆಂದರೆ ಶಾಲೆಯ ಬಾಗಿಲಲ್ಲಿ ತೆಗೆಯಿರಿ, ಬಡವರ ಅಂಗಳದಲ್ಲಿ ಬೇಡ. ಮತ್ತೆ ಆಸರಿಗೆ, ಅಂದರೆ ಬಂದವರಿಗೆ ಬಾಯಾರಿಕೆಗೆ ಕೊಡುವುದು. “ಆಸರಿಗೆ ಎಂತ ಬೇಕು” ಎಂದು ಬೆಲ್ಲ, ನೀರು ಮುಂದಿಟ್ಟಾಗ ಶಿಕ್ಷಕರ ಕೈ ಲೋಟದ ಕಡೆ ಹೋಗುತ್ತದೋ ಇಲ್ಲವೋ ಎಂದು ಮನೆಯ ಎಲ್ಲ ಕಣ್ಣೂ ನೋಡುತ್ತಿರುತ್ತವೆ. ಪಕ್ಕದ ಮನೆಯಲ್ಲಿ ಕಾಫಿ ಕುಡಿದು ಆಫ್ರಿಕಾ ಮೂಲದ ಸಿದ್ದಿ ಸಮುದಾಯದವರ ಮನೆಯಲ್ಲೋ ದಲಿತರ ಮನೆಯಲ್ಲೋ “ಈಗಷ್ಟೇ ಆಯ್ತು” ಎಂದರೆ ಆ ಭೇಟಿ ಮುಗಿದ ಹಾಗೆ, ಆಮೇಲಿನ ಮಾತು ಏನೇ ಇರಲಿ.

ಕೇರಿಯ ಹಿರಿಯರ ಮೂಲಕವೇ ಹೋಗಬೇಕಾ? ಅವರನ್ನು ಬಿಟ್ಟರೆ ಸಿಟ್ಟಾಗ್ತಾರೆ.

ತಿಳಿಸಿ ಹೋಗಿ, ಅಪ್ಪಣೆಗೆ ಕಾಯಬೇಡಿ. ಹಾಲಕ್ಕಿ ಕೊಪ್ಪದಲ್ಲಿ ಊರಗೌಡ, ಬುಧವಂತ, ಕೋಲಕಾರ ಎಂಬ ಕ್ರಮವಿದೆ; ಸುದ್ದಿ ಮುಟ್ಟಿಸುವುದು ಕೋಲಕಾರನ ಕೆಲಸ, ಸಭೆಯ ಸುದ್ದಿಗೂ ಅದೇ ದಾರಿ ಹಿಡಿದರೆ ನೋಟಿಸಿಗಿಂತ ಬೇಗ. ಮೀನುಗಾರ ಕೇರಿಯಲ್ಲಿ ತಾಂಡೇಲರು, ಕ್ರೈಸ್ತ ವಾಡೆಯಲ್ಲಿ ಗುರ್ಕಾರರು, ಮುಸ್ಲಿಂ ಮೊಹಲ್ಲಾದಲ್ಲಿ ಜಮಾತಿನವರು. ಇವರೆಲ್ಲ ಹೆಚ್ಚಾಗಿ ಗಂಡಸರು ಎಂಬುದು ಮಾತ್ರ ನೆನಪಿರಲಿ. ಹಿರಿಯರು ಒಪ್ಪಿದರೆ ಕೇರಿ ಒಪ್ಪಿತು ಎಂದುಕೊಳ್ಳಬೇಡಿ. ಸ್ತ್ರೀಶಕ್ತಿ ಸಂಘದ ವಾರದ ಸಭೆಗೆ ಹತ್ತು ನಿಮಿಷ ಕೇಳಿಕೊಂಡು ಹೋಗಿ. ಹುಡುಗಿಯ ಓದು ನಿಲ್ಲಿಸುವ ಮಾತು ಮೊದಲು ಏಳುವುದೂ ಅಲ್ಲೇ, ತಡೆಯಬಹುದಾದದ್ದೂ ಅಲ್ಲೇ.

## ಊಟ, ವೇದಿಕೆ, ಪಾಠ

ಮೊಟ್ಟೆ ವಿಷಯಕ್ಕೆ ಪ್ರತಿ ವರ್ಷ ಗಲಾಟೆ. ಹೇಗೆ ಸಂಭಾಳಿಸೋದು?

ಮೊಟ್ಟೆ ತಿನ್ನದ ಮಗುವಿಗೆ ಬಾಳೆಹಣ್ಣು ಕೊಡುವ ಆಯ್ಕೆ ಶಾಲೆಯಲ್ಲಿ ಮೊಟ್ಟೆ ಕೊಡುವ ಯೋಜನೆಯಲ್ಲೇ ಇದೆ. ಗಲಾಟೆ ಆಗುವುದು ಕೇಳುವ ರೀತಿಯಿಂದ. ತರಗತಿಯಲ್ಲಿ “ಯಾರ್‍ಯಾರು ತಿನ್ನಲ್ಲ, ಕೈ ಎತ್ತಿ” ಎಂದರೆ ಜಾತಿ ಎಣಿಸಿದ ಹಾಗೆ. ಜೂನ್‌ನಲ್ಲಿ ಮನೆಯಿಂದ ಬರಹದಲ್ಲೋ ಭೇಟಿಯಲ್ಲೋ ಆಯ್ಕೆ ಪಡೆದು ಪಟ್ಟಿಯನ್ನು ಅಡುಗೆಯವರಿಗೆ ಕೊಡಿ. ಸಾಲು ಒಂದೇ ಇರಲಿ, ತಿನ್ನುವವರು ಆಚೆ, ತಿನ್ನದವರು ಈಚೆ ಎಂದು ಕೂರಿಸಬೇಡಿ. ‘ಮೀನು ವಾಸನೆ’ ಎಂದು ಗೇಲಿ ಮಾಡುವುದನ್ನು ಅಲ್ಲೇ ನಿಲ್ಲಿಸಿ, ಆ ಗೇಲಿ ಮಕ್ಕಳದ್ದಷ್ಟೇ ಆಗಿರುವುದಿಲ್ಲ.

ಅಡುಗೆಯವರ ಜಾತಿ ನೋಡಿ ಕೆಲವರು ಮಕ್ಕಳಿಗೆ ಊಟ ಬೇಡ ಅಂತಾರೆ. ಅವರ ಸಂಪ್ರದಾಯಕ್ಕೂ ಬೆಲೆ ಕೊಡಬೇಕಾ?

ಇಲ್ಲ. ಅದು ಅಸ್ಪೃಶ್ಯತೆ, 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಮತ್ತು 1989ರ ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ ಮಾತು. ಅಡುಗೆಯವರನ್ನು ಬದಲಿಸಬೇಡಿ. ಮುಖ್ಯ ಶಿಕ್ಷಕರು, ಎಸ್‌ಡಿಎಂಸಿಯವರು ಅದೇ ಪಂಕ್ತಿಯಲ್ಲಿ ಕೂತು ಉಣ್ಣಲಿ, ಬಿಇಒಗೆ (ಕ್ಷೇತ್ರ ಶಿಕ್ಷಣಾಧಿಕಾರಿಗೆ) ಅದೇ ದಿನ ಲಿಖಿತವಾಗಿ ತಿಳಿಸಿ.

ಗ್ಯಾದರಿಂಗ್‌ನಲ್ಲಿ ಸಿದ್ದಿ ಡಮಾಮಿ, ಹಾಲಕ್ಕಿ ಸುಗ್ಗಿ ಕುಣಿತ ಮಾಡಿಸ್ತೇವೆ. ಇದಕ್ಕಿಂತ ಹೆಚ್ಚು ಇನ್ನೇನು ಮಾಡೋದು?

ಕುಣಿತ ಇರಲಿ, ಆದರೆ ಯಾರು ಕುಣಿಸಿದರು ಎನ್ನುವುದರ ಮೇಲೆ ಎಲ್ಲ ನಿಂತಿದೆ. ಬೇರೆ ಮಕ್ಕಳ ಮುಖಕ್ಕೆ ಕಪ್ಪು ಬಳಿದು, ಎಲೆ ಕಟ್ಟಿ ‘ಸಿದ್ದಿ ನೃತ್ಯ’ ಎಂದರೆ ಮುಂದಿನ ಸಾಲಿನಲ್ಲಿ ಕೂತ ಸಿದ್ದಿ ಮಗುವಿಗೆ ಅದು ಎಲ್ಲರೆದುರಿನ ಅವಮಾನ. ಹಾಲಕ್ಕಿ ಅಜ್ಜಿಯರ ಕರಿಮಣಿ ಸರಗಳು ಬಾಡಿಗೆ ಡ್ರೆಸ್ಸಿನ ಪ್ಲಾಸ್ಟಿಕ್ಕಿನಲ್ಲಿ ಬಂದರೂ ಹಾಗೆಯೇ. ಸುಗ್ಗಿಗೆ ಅದರದೇ ಕಾಲ, ಕಟ್ಟುಪಾಡು ಇದೆ. ವೇದಿಕೆಯ ಮೇಲೆ ಮಾಡಬಹುದೇ ಎಂದು ಕೊಪ್ಪದವರನ್ನು ಮೊದಲು ಕೇಳಿ, ಬೇಡ ಎಂದರೆ ಬಿಡಿ. ಸರಿ ಎಂದರೆ ಅವರೇ ಕಲಿಸಲಿ, ಕಲಿಸಿದವರ ಹೆಸರು ಮೈಕಿನಲ್ಲಿ ಬರಲಿ, ದಿನಗೂಲಿ ಬಿಟ್ಟು ಬಂದಿದ್ದರೆ ಅದನ್ನು ತುಂಬಿಕೊಡಿ. ಕಲಾವಿದೆಗೆ ಶಾಲು, ಡಿಜೆಯವನಿಗೆ ದುಡ್ಡು ಎನ್ನುವ ಲೆಕ್ಕ ನಡೆಯುವುದಿಲ್ಲ.

ಪದ್ಮಶ್ರೀ ಪಡೆದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ, ಗಿಡಮರ ಬೆಳೆಸಿದ ತುಳಸಿ ಗೌಡ ಇಬ್ಬರೂ ಅಂಕೋಲಾದ ಹಾಲಕ್ಕಿಯವರು. ಅವರ ಚಿತ್ರ ಶಾಲೆಯ ಗೋಡೆಯ ಮೇಲಿರಬಹುದು. ಅದೇ ಶಾಲೆಯ ಹಾಲಕ್ಕಿ ತಾಯಿ ಕಚೇರಿಗೆ ಬಂದರೆ ಕುರ್ಚಿ ಸಿಗುತ್ತದೆಯೇ, ನೋಡಿ.

ಊರಿನವರನ್ನು ತರಗತಿಗೆ ಕರೆಸಿದರೆ ಪಠ್ಯ ಮುಗಿಸೋದು ಯಾವಾಗ?

ಪಠ್ಯದ ಒಳಗೇ ಕರೆಸಿ, ಬ್ಯಾಗ್ ಇಲ್ಲದ ಶನಿವಾರಕ್ಕೆ ತಳ್ಳಬೇಡಿ. ಒಂದು ಉದಾಹರಣೆ, ಐದನೇ ತರಗತಿಯ ಅಳತೆ ಪಾಠ. ಬಲೆ ಹೆಣೆಯುವವರು ಒಬ್ಬರು ಮೂರು ಬಗೆ ಬಲೆಯ ತುಂಡು ತರಲಿ. ಬಲೆಯ ಕಣ್ಣನ್ನು ಎಳೆದು ಹಿಡಿದು ಗಂಟಿನಿಂದ ಎದುರು ಗಂಟಿಗೆ ಮಿಲಿಮೀಟರಿನಲ್ಲಿ ಅಳೆಯಬೇಕು. ಎಳೆಯದೆ ಅಳೆದವರ ಉತ್ತರ ಒಂದೊಂದು ಥರ ಬರುತ್ತದೆ. ಯಾಕೆ ಬಂತು ಎಂದು ಮಕ್ಕಳೇ ಕಂಡುಹಿಡಿಯಲಿ. ಸಣ್ಣ ಕಣ್ಣಿನ ಬಲೆಯಲ್ಲಿ ಮರಿಮೀನು ಸಿಕ್ಕಿದರೆ ಮುಂದಿನ ವರ್ಷ ಏನಾಗುತ್ತದೆ ಎಂಬಲ್ಲಿಗೆ ಗಣಿತ ಮುಗಿದು ಪರಿಸರ ಶುರು. ಒಟ್ಟು ಎರಡು ಪೀರಿಯಡ್.

ಬರುವವರ ಜೊತೆ ಮುಂಚೆ ಹದಿನೈದು ನಿಮಿಷ ಕೂತು ಮೂರು ಪ್ರಶ್ನೆ ಗೊತ್ತು ಮಾಡಿ. “ಏನಾದರೂ ಹೇಳಿ” ಎಂದು ನಿಲ್ಲಿಸಿದರೆ ಅವರು “ಚೆನ್ನಾಗಿ ಓದಿ, ದೊಡ್ಡವರಾಗಿ, ನಮ್ಮ ಹಾಗೆ ಆಗಬೇಡಿ” ಎಂದು ಹೇಳಿ ಇಳಿದುಹೋಗುತ್ತಾರೆ.

## ತೊಡಕಿನವು

ಎಸ್‌ಡಿಎಂಸಿಯಲ್ಲಿ ಕಾನೂನು ಪ್ರಕಾರ ಎಲ್ಲ ವರ್ಗದವರೂ ಇದ್ದಾರೆ. ಆದರೆ ಮಾತಾಡೋದು ಇಬ್ಬರೇ.

ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಮಿನ ಪ್ರಕಾರ ಸಮಿತಿಯಲ್ಲಿ ಮುಕ್ಕಾಲು ಭಾಗ ಪಾಲಕರು, ಅರ್ಧದಷ್ಟು ಮಹಿಳೆಯರು, ದುರ್ಬಲ ವರ್ಗದವರು ಅವರ ಪ್ರಮಾಣಕ್ಕೆ ತಕ್ಕಷ್ಟು ಇರಬೇಕು. ಲೆಕ್ಕ ತುಂಬುತ್ತದೆ, ದನಿ ತುಂಬುವುದಿಲ್ಲ. ಠರಾವು ಪುಸ್ತಕ ಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬರುವ ರೂಢಿ ಇರುವಲ್ಲಿ ಆ ಸದಸ್ಯೆಗೆ ತಾನು ಸದಸ್ಯೆ ಎಂಬುದೇ ಗೊತ್ತಿರುವುದಿಲ್ಲ.

ಕುರ್ಚಿಗಳನ್ನು ದುಂಡಗೆ ಹಾಕಿ. ಒಬ್ಬರು ಕುರ್ಚಿ, ಇನ್ನೊಬ್ಬರು ಚಾಪೆ ಬೇಡ. ವಿಷಯ ಮೂರಕ್ಕಿಂತ ಹೆಚ್ಚು ಬೇಡ, ಎರಡು ದಿನ ಮುಂಚೆ ಬಾಯಲ್ಲಿ ತಿಳಿಸಿ. ಪ್ರತಿ ವಿಷಯಕ್ಕೂ ಮೊದಲು ಇಬ್ಬಿಬ್ಬರು ಅಕ್ಕಪಕ್ಕ ಐದು ನಿಮಿಷ ಮಾತಾಡಿ, ಆಮೇಲೆ ಒಂದೊಂದು ಜೋಡಿ ಹೇಳಲಿ. ಅಧ್ಯಕ್ಷರೂ ಮುಖ್ಯ ಶಿಕ್ಷಕರೂ ಕೊನೆಗೆ. ದುಡ್ಡಿನ ಲೆಕ್ಕವನ್ನು ಬಂದದ್ದು, ಹೋದದ್ದು, ಉಳಿದದ್ದು ಎಂದು ಹಲಗೆಯ ಮೇಲೆ ಬರೆದು ಗಟ್ಟಿಯಾಗಿ ಓದಿ. ಮೌನವಾಗಿದ್ದವರು ಮೊದಲು ಬಾಯಿ ಬಿಡುವುದು ಲೆಕ್ಕದ ವಿಷಯಕ್ಕೇ.

ಬೋಟಿನ ಕೆಲಸಕ್ಕೆ, ಕಬ್ಬು ಕಡಿಯೋಕೆ ಬಂದವರ ಮಕ್ಕಳು ಟಿಸಿ ಇಲ್ಲದೆ ಬರ್ತಾರೆ. ಸೇರಿಸಿಕೊಳ್ಳಬಹುದಾ?

ಸೇರಿಸಿಕೊಳ್ಳಲೇಬೇಕು. ಟಿಸಿ ತಡವಾಯಿತೆಂದೋ ಜನನ ಪ್ರಮಾಣಪತ್ರ ಇಲ್ಲವೆಂದೋ ಪ್ರವೇಶ ನಿರಾಕರಿಸುವಂತಿಲ್ಲ (ಶಿಕ್ಷಣ ಹಕ್ಕು ಕಾಯ್ದೆಯ 5 ಮತ್ತು 14ನೇ ಕಲಮು). ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ಹಿಂದುಳಿದದ್ದಕ್ಕೆ ವಿಶೇಷ ತರಬೇತಿ ಕೊಡಬೇಕು (4ನೇ ಕಲಮು). ಕರೆದುಕೊಂಡು ಬಂದ ಮುಕಾದಮನ ಅಥವಾ ಬೋಟು ಮಾಲೀಕರ ನಂಬರು ಇಟ್ಟುಕೊಳ್ಳಿ. ಕುಟುಂಬ ಹೊರಡುವ ದಿನ ಮೊದಲು ಗೊತ್ತಾಗುವುದು ಅವರಿಗೇ. ಹೋಗುವಾಗ ಮಗುವಿನ ಕೈಗೆ ಒಂದು ಹಾಳೆ ಕೊಡಿ: ಎಷ್ಟು ದಿನ ಬಂದಿತ್ತು, ಏನು ಓದಲು ಬರುತ್ತದೆ, ಲೆಕ್ಕ ಎಲ್ಲಿಯವರೆಗೆ, ಶಾಲೆಯ ಫೋನ್ ನಂಬರು.

ಊರಲ್ಲಿ ಎರಡು ಕೋಮಿನ ನಡುವೆ ಏನಾದರೂ ಆದರೆ ಮರುದಿನ ಶಾಲೆಯಲ್ಲಿ ಏನು ಮಾಡಬೇಕು?

ಆವತ್ತು ಶುರು ಮಾಡಿದರೆ ತಡವಾಯಿತು. ಪ್ರತಿ ಕೇರಿಯಲ್ಲೂ ಫೋನ್ ಮಾಡಿದರೆ ನಂಬುವ ಒಬ್ಬ ಗಂಡಸು, ಒಬ್ಬ ಹೆಂಗಸು ಮೊದಲೇ ಇರಬೇಕು. ಘಟನೆಯ ಸಂಜೆಯೇ ಪಾಲಕರ ವಾಟ್ಸಾಪ್ ಗುಂಪನ್ನು ಶಿಕ್ಷಕರು ಮಾತ್ರ ಬರೆಯುವ ಹಾಗೆ ಬದಲಿಸಿ, ಶಾಲೆ ತೆರೆದಿದೆಯೇ ಎಂಬುದಷ್ಟೇ ಹಾಕಿ. ಬೆಳಿಗ್ಗೆ ಗೇಟಿನಲ್ಲಿ ಶಿಕ್ಷಕರು ನಿಂತಿರಲಿ. ಮಕ್ಕಳ ಜಾಗ ಬದಲಿಸಬೇಡಿ. ಬಾರದ ಮಕ್ಕಳ ಮನೆಗೆ ಅದೇ ದಿನ ಫೋನ್, ಮರುದಿನ ಭೇಟಿ. ತರಗತಿಯಲ್ಲಿ ಯಾರದ್ದು ತಪ್ಪೆಂದು ತೀರ್ಪು ಬೇಡ. “ಮನೆಯಲ್ಲಿ ಕೇಳಿದ್ದನ್ನು ಇಲ್ಲಿ ಯಾರ ಮುಖಕ್ಕೂ ಹೇಳಬಾರದು” ಎಂಬ ನಿಯಮ ಸಾಕು. ಎರಡೂ ಕಡೆಯವರನ್ನು ಕೂಡಲೇ ಒಂದೇ ಸಭೆಗೆ ಕರೆಯುವುದು ದೊಡ್ಡ ತಪ್ಪು. ಬೇರೆ ಬೇರೆಯಾಗಿ ಮಾತಾಡಿ, ಎರಡು ಮೂರು ವಾರ ಬಿಟ್ಟು ಕೆಲಸದ ನೆಪದಲ್ಲಿ ಕೂಡಿಸಿ: ಹಂಚು ತಿರುಗಿಸುವುದೋ ಕಾಂಪೌಂಡಿಗೆ ಸುಣ್ಣವೋ.

ದೇವಸ್ಥಾನದವರು, ಜಮಾತಿನವರು, ಗೋವಾ–ಮುಂಬೈ–ಗಲ್ಫಿನಲ್ಲಿರುವ ಊರಿನವರು ದೇಣಿಗೆ ಕೊಡ್ತೇವೆ ಅಂತಾರೆ. ತಗೊಳ್ಳಬಹುದಾ?

ತಗೊಳ್ಳಿ, ಆದರೆ ಪಟ್ಟಿ ಶಾಲೆಯದ್ದಿರಲಿ. ಎಸ್‌ಡಿಎಂಸಿ ಮೊದಲೇ ಠರಾವು ಮಾಡಿದ ಅಭಿವೃದ್ಧಿ ಯೋಜನೆಯಿಂದಲೇ ಕೆಲಸ ಆರಿಸಲು ಹೇಳಿ. ನಗದು ಬೇಡ, ಸಮಿತಿಯ ಖಾತೆಗೆ ಬರಲಿ, ರಸೀದಿ ಕೊಡಿ. ‘ನಮ್ಮವರ ಮಕ್ಕಳಿಗೆ ಮಾತ್ರ’ ಎಂಬ ಷರತ್ತಿನ ನೋಟ್‌ಬುಕ್ಕು, ಚೀಲ ಶಾಲೆಯೊಳಗೆ ಹಂಚಬೇಡಿ. ಹೆಸರಿನ ಫಲಕ ಎಲ್ಲರಿಗೂ ಒಂದೇ ಅಳತೆ. ಸಾವಿರ ಕೊಟ್ಟವರದ್ದೂ ಲಕ್ಷ ಕೊಟ್ಟವರದ್ದೂ ಒಂದೇ ಹಲಗೆಯಲ್ಲಿ. ಶ್ರಮದಾನ ಮಾಡಿದವರ ಹೆಸರು ಆ ಹಲಗೆಯಲ್ಲಿ ಬಿಟ್ಟುಹೋಗುವುದೇ ಹೆಚ್ಚು, ಅದನ್ನೂ ಸೇರಿಸಿ.

ಇಷ್ಟೆಲ್ಲ ಕಟ್ಟಿದ ಮೇಲೆ ಮಾಸ್ತರಿಗೆ ವರ್ಗ ಆಗುತ್ತೆ. ಮತ್ತೆ ಮೊದಲಿಂದಲೇ?

ಮೊದಲಿಂದ ಆಗಬಾರದೆಂದರೆ ಸಂಬಂಧ ಕಾಗದದ ಮೇಲೂ ಇರಬೇಕು. ಇನ್ನೂರು ಪುಟದ ಒಂದು ಪುಸ್ತಕ ಇಡಿ, ಕೇರಿಗೊಂದು ಭಾಗ. ಅದರಲ್ಲಿ ಬೇಕಾದದ್ದು: ಮಾತಿನ ಜೊತೆಗಾರರು ಯಾರು, ಸಭೆಗೆ ಹೊಂದುವ ಹೊತ್ತು, ಊರಿನ ಹಬ್ಬಗಳು, ತರಗತಿಗೆ ಬಂದು ಕಲಿಸಿದವರು ಮತ್ತು ಏನು ಕಲಿಸಿದರು, ಶಾಲೆ ಕೊಟ್ಟ ಮಾತುಗಳಲ್ಲಿ ಯಾವುದು ನಡೆಯಿತು, ಯಾವುದು ಬಾಕಿ. ಜಾತಿ, ಸಾಲ, ಮನೆಜಗಳ, ಕಾಯಿಲೆ ಅದರಲ್ಲಿ ಬರೆಯಬೇಡಿ; ಆ ಪುಸ್ತಕ ಯಾರ ಕೈಗೆ ಬೇಕಾದರೂ ಸಿಗುತ್ತದೆ. ವರ್ಗವಾದವರು ಹೊಸಬರ ಜೊತೆ ಒಂದು ಸಂಜೆ ಎರಡು ಮೂರು ಕೇರಿ ಸುತ್ತಿ ಪರಿಚಯ ಮಾಡಿಕೊಡಲಿ. ಪುಸ್ತಕದ ‘ಬಾಕಿ’ ಪುಟವನ್ನು ಹೊಸಬರು ಮೊದಲ ಸಭೆಯಲ್ಲಿ ಗಟ್ಟಿಯಾಗಿ ಓದಲಿ: ಶೌಚಾಲಯದ ಬಾಗಿಲು, ಸುಗ್ಗಿಯ ರಜೆ, ಕೊಪ್ಪದ ಕಡೆಯ ಕಾಲುಸಂಕ, ಹೀಗೆ ಒಂದೊಂದಾಗಿ.